ಆನೆಯ ಆರು ಮೆಟ್ಟಿಲು

ಕಳೆದ ದಸರೆಯ ರಜೆಯಲ್ಲಿ ನಮ್ಮ ಮನೆಯ ಎಂಟು ವರ್ಷದ ಹುಡುಗಿ ಆನೆ ಬರೆಯಲು ಕುಳಿತಳು. ಎದುರಿಗೊಂದು ಪುಸ್ತಕ. ಅದರಲ್ಲಿ ಆರು ಚೌಕಗಳು. ಮೊದಲನೆಯದರಲ್ಲಿ ಒಂದು ದೊಡ್ಡ ಸೊನ್ನೆ, ಎರಡನೆಯದರಲ್ಲಿ ಅದಕ್ಕೆ ಅಂಟಿಕೊಂಡ ಚಿಕ್ಕ ಸೊನ್ನೆ, ಮೂರನೆಯದರಲ್ಲಿ ಸೊಂಡಿಲು, ಬಳಿಕ ಕಿವಿ, ಆಮೇಲೆ ಕಾಲು, ಕೊನೆಗೆ ಕಣ್ಣು ಮತ್ತು ಬಾಲ. ಕಾಲು ಗಂಟೆಯಲ್ಲಿ ಆನೆ ಸಿದ್ಧವಾಯಿತು. ಮನೆಯವರೆಲ್ಲ ಮೆಚ್ಚಿಕೊಂಡೆವು. "ಈ ಆನೆ ಎಡಕ್ಕೆ ಹೊರಟಿದೆಯಲ್ಲ ಪುಟ್ಟಿ, ಬಲಕ್ಕೆ ತಿರುಗಿಸಿ ಬರಿ ನೋಡೋಣ" ಎಂದೆ. ಪೆನ್ಸಿಲು ನಿಂತಿತು. "ಪುಸ್ತಕದಲ್ಲಿ ಹಾಗಿಲ್ಲ ಅಪ್ಪಾ" ಎಂದಳು.

ಮಾರನೆಯ ಬೆಳಿಗ್ಗೆ ಅದೇ ಹುಡುಗಿ ಬಾಗಿಲ ಮುಂದೆ ಅಜ್ಜಿಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದಳು. ನನ್ನ ತಾಯಿ ಅವಳಿಗೆ ಮೊದಲ ದಿನ ಕಲಿಸಿದ್ದು ಚುಕ್ಕಿ ಇಡುವುದನ್ನು ಮಾತ್ರ. ಎರಡು ಬೆರಳ ನಡುವಿನಿಂದ ಪುಡಿ ಇಷ್ಟೇ ಬೀಳಬೇಕು, ಸಾಲು ಬಾಗಬಾರದು, ಅಷ್ಟೆ. ಎರಡು ದಿನದ ಮೇಲೆ ಮೂರು ಚುಕ್ಕಿಯ ಹೂವು. ಬಳಿಕ ಐದು ಚುಕ್ಕಿ, ಏಳು ಚುಕ್ಕಿ. ರಜೆ ಮುಗಿಯುವ ವೇಳೆಗೆ ಅವಳು ಏಳು ಚುಕ್ಕಿಗೆ ಅಜ್ಜಿಗೂ ಗೊತ್ತಿಲ್ಲದ ಒಂದು ಸುತ್ತು ಹಾಕಿ, ಅಜ್ಜಿಯನ್ನೇ ಕರೆದು ತೋರಿಸಿದಳು.

ಎರಡೂ ಹಂತ ಹಂತವಾಗಿ ಕಲಿಸಿದ ಪಾಠಗಳೇ. ಒಂದರ ಕೊನೆಗೆ ಆನೆ ಉಳಿಯಿತು, ಇನ್ನೊಂದರ ಕೊನೆಗೆ ಕೈ ಉಳಿಯಿತು. ಇದೇಕೆ ಹೀಗೆ ಎಂದು ಯೋಚಿಸುತ್ತ ಹೋದಾಗ, ಮಕ್ಕಳಿಗೆ ಚಿತ್ರವನ್ನೂ ಕೈಕಸುಬನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿಗೆ ಇನ್ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆಯೆಂಬುದೂ, ನಮ್ಮ ಮನೆಯ ಈ ಚಿಕ್ಕ ಪ್ರಸಂಗ ಆ ಇತಿಹಾಸದ ದೊಡ್ಡ ಜಗಳವೊಂದರ ಮರಿಯೆಂಬುದೂ ತಿಳಿಯಿತು.

ಗೆರೆಯಿಂದ ಅಕ್ಷರಕ್ಕೆ

ಶಾಲೆಯಲ್ಲಿ ಈ ಮೆಟ್ಟಿಲುಗಳನ್ನು ಮನಸ್ಸಿಟ್ಟು ಕಟ್ಟಿದವರಲ್ಲಿ ಮೊದಲಿಗನೆಂದರೆ ಸ್ವಿಟ್ಜರ್ಲೆಂಡಿನ ಪೆಸ್ತಾಲೋಜಿ (1746–1827). ಫ್ರೆಂಚರ ಸೈನ್ಯ ನುಗ್ಗಿ ಹಾಳುಗೆಡವಿದ್ದ ಸ್ಟಾನ್ಸ್ ಎಂಬ ಊರಿನಲ್ಲಿ 1798ರ ಕೊನೆಗೆ ಆತ ಅನಾಥ ಮಕ್ಕಳನ್ನು ಕೂಡಿಹಾಕಿಕೊಂಡು ಪಾಠ ಹೇಳಲು ನಿಂತ. ಆ ಮಕ್ಕಳಿಗೆ ಪುಸ್ತಕದ ಗಂಧವಿರಲಿಲ್ಲ. ಆದರೆ ಕಣ್ಣಿತ್ತು, ಕೈಯಿತ್ತು. ಓದು ಬರಹಕ್ಕಿಂತ ಮೊದಲು ಕಣ್ಣು ನೋಡುವುದನ್ನೂ ಕೈ ಅಳೆಯುವುದನ್ನೂ ಕಲಿಯಬೇಕೆಂಬ ಆತನ ನಂಬಿಕೆ ಇಂಥ ಅನುಭವಗಳಲ್ಲಿ ಗಟ್ಟಿಯಾಯಿತು. ಬರ್ಗ್‌ಡಾರ್ಫ್ ಎಂಬಲ್ಲಿ ಶಾಲೆ ನಡೆಸುತ್ತಿದ್ದಾಗ 1801ರಲ್ಲಿ ತನ್ನ ಬೋಧನಕ್ರಮದ ಗ್ರಂಥವನ್ನೂ, 1803ರಲ್ಲಿ ಸಹಾಯಕರೊಡಗೂಡಿ 'ನೋಟದ ಅಕ್ಷರಮಾಲೆ' ಎನ್ನಬಹುದಾದ ಒಂದು ಕೈಪಿಡಿಯನ್ನೂ ಹೊರತಂದ. ಮೊದಲು ನೇರ ಗೆರೆ, ಬಳಿಕ ಓರೆ ಗೆರೆ, ಕೋನ, ಚೌಕ, ಚೌಕದ ಭಾಗಗಳು, ಆಮೇಲೆ ಬಾಗು ಗೆರೆ. ಇವು ಕೈಗೆ ಬಂದ ಮೇಲೆ ಅಕ್ಷರ ಬರೆಯುವುದೇನು ಮಹಾ ಕಷ್ಟ? ಅಕ್ಷರವೂ ಗೆರೆಯೇ ಅಲ್ಲವೆ?

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಪೆಸ್ತಾಲೋಜಿಗೆ ಚಿತ್ರಗಾರರನ್ನು ತಯಾರಿಸುವ ಆಸೆ ಇರಲಿಲ್ಲ. ಬಡವನ ಮಗುವೂ ಲೋಕವನ್ನು ಸ್ಪಷ್ಟವಾಗಿ ಕಾಣಬೇಕು, ಅದರ ತಲೆ, ಹೃದಯ, ಕೈ ಮೂರೂ ಒಟ್ಟಿಗೆ ಬೆಳೆಯಬೇಕು ಎಂಬುದೇ ಅವನ ಹಂಬಲ. ಆದರೆ ಗುರುವಿನ ಹಂಬಲ ಶಿಷ್ಯರಿಗೆ ಇಳಿಯುವಾಗ ಸೋರಿಹೋಗುವುದುಂಟು. ಅವನ ಕ್ರಮವನ್ನು ಹಿಡಿದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಗೆರೆಯ ಮೇಲೆ ಗೆರೆ ಎಳೆದದ್ದೇ ಆಯಿತು, ಒಂದು ಎಲೆಯನ್ನೋ ಹೂವನ್ನೋ ಕಾಣುವ ದಿನ ಬರಲೇ ಇಲ್ಲ.

ಪೆಸ್ತಾಲೋಜಿ ಮುಂದೆ ಇವರ್ದೊಂ ಎಂಬಲ್ಲಿ ನಡೆಸಿದ ಶಾಲೆಯಲ್ಲಿ 1808ರಿಂದ 1810ರವರೆಗೆ ಇದ್ದು ಕಲಿತ ಜರ್ಮನಿಯ ಫ್ರೆಬೆಲ್ ಈ ಕೊರತೆಯನ್ನು ಕಂಡ. ಆತನೇ 1837ರಲ್ಲಿ ಚಿಕ್ಕ ಮಕ್ಕಳ ಶಾಲೆಯನ್ನು ಆರಂಭಿಸಿ, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂಬ ಹೆಸರಿಟ್ಟವನು. ಉಣ್ಣೆಯ ಚೆಂಡು, ಮರದ ಗೋಲ, ಘನ, ಕಡ್ಡಿ, ಕಾಗದ ಮಡಿಸುವುದು, ಕಾಗದದ ಪಟ್ಟಿ ಹೆಣೆಯುವುದು, ಸೂಜಿಯಿಂದ ಚುಚ್ಚಿ ಹೊಲಿಯುವುದು, ಮಣ್ಣಿನ ಕೆಲಸ, ಹೀಗೆ ಆಟವನ್ನೇ ಮೆಟ್ಟಿಲಾಗಿ ಜೋಡಿಸಿದ. ಮಕ್ಕಳ ಸ್ಲೇಟಿನ ಮೇಲೆ ಚೌಕುಳಿ ಗೆರೆಗಳನ್ನು ಕೊರೆಸಿ, ಆ ಚೌಕುಳಿಗಳ ಆಧಾರದ ಮೇಲೆ ಆಕಾರಗಳನ್ನು ಬರೆಯಿಸಿದ. ಇದನ್ನು ಓದಿದಾಗ ನನಗೆ ನಮ್ಮ ತಾಯಿಯ ಚುಕ್ಕಿಗಳ ನೆನಪಾಯಿತು. ಫ್ರೆಬೆಲನ ಹೆಸರನ್ನು ಕೇಳದ ನಮ್ಮ ಹೆಣ್ಣುಮಕ್ಕಳು ಅಂಗಳದ ನೆಲವನ್ನೇ ಸ್ಲೇಟು ಮಾಡಿಕೊಂಡು ತಲೆಮಾರುಗಳಿಂದ ಇದೇ ಯುಕ್ತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಆಸರೆಗೆ ಚುಕ್ಕಿ, ಸ್ವಾತಂತ್ರ್ಯಕ್ಕೆ ಸುತ್ತು.

ಇಪ್ಪತ್ತಮೂರು ಮೆಟ್ಟಿಲು

ಇಷ್ಟರಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಚಿಂತೆ ಹುಟ್ಟಿತ್ತು. ಯಂತ್ರದಲ್ಲಿ ಬಟ್ಟೆ ಬೇಕಾದಷ್ಟು ಬರುತ್ತಿತ್ತು. ಆದರೆ ಬಟ್ಟೆಯ ಮೇಲಿನ ವಿನ್ಯಾಸದಲ್ಲಿ ಫ್ರಾನ್ಸಿನವರೇ ಮುಂದು. ಚಿತ್ರ ಬಲ್ಲ ಕೆಲಸಗಾರರನ್ನು ತಯಾರಿಸಲು ಸರಕಾರ 1837ರಲ್ಲಿ ಲಂಡನ್ನಿನಲ್ಲಿ ವಿನ್ಯಾಸಶಾಲೆಯನ್ನು ತೆರೆಯಿತು. 1850ರ ದಶಕದಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿಯೂ ರಿಚರ್ಡ್ ರೆಡ್‌ಗ್ರೇವ್ ಎಂಬ ಚಿತ್ರಕಾರನೂ ಸೇರಿ ದೇಶಕ್ಕೆಲ್ಲ ಒಂದೇ ಪಾಠಕ್ರಮವನ್ನು ಗೊತ್ತುಪಡಿಸಿದರು. ಅದರಲ್ಲಿ ಇಪ್ಪತ್ತಮೂರು ಮೆಟ್ಟಿಲು. ಮೊದಲನೆಯದು ಉಪಕರಣಗಳಿಂದ ಗೆರೆ ಎಳೆಯುವುದು, ಎರಡನೆಯದು ಅಚ್ಚಿನ ಹಾಳೆ ನೋಡಿ ಕೈಯಿಂದ ಹೊರಗೆರೆ ನಕಲು ಮಾಡುವುದು. ಬಳಿಕ ನೆರಳು, ಸುಣ್ಣದ ಪಡಿಯಚ್ಚು, ಮನುಷ್ಯಾಕೃತಿ, ಬಣ್ಣ. ಸ್ವಂತ ಬುದ್ಧಿಯಿಂದ ಒಂದು ವಿನ್ಯಾಸ ರಚಿಸುವ ಪಾಠ ಎಲ್ಲಿತ್ತೆನ್ನುತ್ತೀರಿ? ಇಪ್ಪತ್ತೆರಡನೆಯ ಮೆಟ್ಟಿಲಿನಲ್ಲಿ! ಸಾಮಾನ್ಯ ಶಾಲೆಯ ಮಕ್ಕಳು ಕೆಳಗಿನ ಕೆಲವು ಮೆಟ್ಟಿಲಿನಲ್ಲೇ ನಿಲ್ಲಬೇಕಾಗಿತ್ತು. ಅವರ ಪಾಲಿಗೆ ಚಿತ್ರವೆಂದರೆ ನಕಲು.

ಈ ಏಣಿ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಕಲಾಶಾಲೆಯೊಂದನ್ನು ತೆರೆದ. ಕಲ್ಕತ್ತೆಯಲ್ಲಿ 1854ರಲ್ಲಿ, ಜಮಶೇಟ್‌ಜಿ ಜೀಜೀಭಾಯಿಯವರ ದಾನದಿಂದ ಮುಂಬಯಿಯಲ್ಲಿ 1857ರಲ್ಲಿ, ಲಾಹೋರಿನಲ್ಲಿ 1875ರಲ್ಲಿ ಇಂಥ ಶಾಲೆಗಳಾದವು. ಇದರ ವಿನೋದವನ್ನು ನೋಡಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಭಾರತದ ಕುಶಲಕರ್ಮಿಗಳ ಬಟ್ಟೆ, ಲೋಹ, ಮರದ ಕೆಲಸಗಳನ್ನು ಕಂಡು ಆಂಗ್ಲ ವಿಮರ್ಶಕರು ತಲೆದೂಗಿದ್ದರು. ವಿನ್ಯಾಸವೆಂದರೆ ಹೀಗಿರಬೇಕೆಂದು ತಮ್ಮವರಿಗೆ ಬುದ್ಧಿ ಹೇಳಿದ್ದರು. ಅದಾದ ಕೆಲವೇ ವರ್ಷಗಳಲ್ಲಿ ಅದೇ ಭಾರತದ ಹುಡುಗರ ಮುಂದೆ ಗ್ರೀಕ್ ಪ್ರತಿಮೆಯ ಸುಣ್ಣದ ಪಡಿಯಚ್ಚನ್ನಿಟ್ಟು "ಇದನ್ನು ನೋಡಿ ಬರೆ" ಎಂದರು! ಕಲಿಸುವವರಲ್ಲಿ ನಮ್ಮ ಕಸುಬನ್ನು ಪ್ರೀತಿಸಿದವರು ಇರಲಿಲ್ಲವೆಂದಲ್ಲ. ಮುಂಬಯಿಯಲ್ಲೂ ಲಾಹೋರಿನಲ್ಲೂ ಇದ್ದ ಲಾಕ್‌ವುಡ್ ಕಿಪ್ಲಿಂಗ್ ಕುಶಲಕರ್ಮಿಗಳ ಕೆಲಸವನ್ನು ಆದರದಿಂದ ಚಿತ್ರಿಸಿಟ್ಟ. 1896ರಲ್ಲಿ ಕಲ್ಕತ್ತೆಗೆ ಮುಖ್ಯಸ್ಥನಾಗಿ ಬಂದ ಹ್ಯಾವೆಲ್ ಯುರೋಪಿನ ನಕಲುಗಳನ್ನು ಬದಿಗೆ ಸರಿಸಿ, ಅವನೀಂದ್ರನಾಥ ಠಾಕೂರರನ್ನು ಬರಮಾಡಿಕೊಂಡ. ಮೈಸೂರು ಸಂಸ್ಥಾನದಿಂದ ಹೋಗಿ ಅವನೀಂದ್ರರ ಬಳಿ ಕಲಿತವರು ನಮ್ಮ ಕೆ. ವೆಂಕಟಪ್ಪನವರು. ಆದರೆ ಇವೆಲ್ಲ ದೊಡ್ಡ ಊರಿನ ಕಲಾಶಾಲೆಗಳ ಮಾತು. ಊರೂರಿನ ಶಾಲೆಗಳಿಗೆ ಇಳಿದದ್ದು ಹಳೆಯ ಏಣಿಯ ಕೆಳಗಿನ ಮೆಟ್ಟಿಲುಗಳೇ, ಮತ್ತು ಅವನ್ನು ಅಳೆಯುವ ಪರೀಕ್ಷೆಗಳು.

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಓದಿದವರಿಗೆ 'ಲೋಯರ್', 'ಹೈಯರ್' ಡ್ರಾಯಿಂಗ್ ಪರೀಕ್ಷೆಗಳ ನೆನಪಿರಬೇಕು. ನಾನೂ ಲೋಯರ್ ಕಟ್ಟಿದವನೇ. ಮೇಜಿನ ಮೇಲೆ ಇಟ್ಟ ಪದಾರ್ಥವನ್ನು ಕಣ್ಣಳತೆಯಿಂದ ಬರೆಯುವುದು, ನೆನಪಿನಿಂದ ಬರೆಯುವುದು, ವಿನ್ಯಾಸ, ಜ್ಯಾಮಿತಿ ಇವೇ ಅದರ ಸತ್ವ. ಒಂದು ಕಣ್ಣು ಮುಚ್ಚಿ, ತೋಳು ನೀಳವಾಗಿ ಚಾಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳು ಸರಿಸಿ ಹೂಜಿಯ ಅಗಲ ಅಳೆದ ಆ ಭಂಗಿ ಇಂದಿಗೂ ನನ್ನ ಮೈಯಲ್ಲಿದೆ. ಅದು ಆ ಹಳೆಯ ಪಾಠಕ್ರಮದ ಕುಲದ್ದೇ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಹೂಜಿಯನ್ನು ದಿಟ್ಟಿಸಿ ನೋಡುವುದನ್ನು ಅದು ಕಲಿಸಿತು. ಆದರೆ ಆ ಮಣ್ಣಿನ ಹೂಜಿಯನ್ನು ಮಾಡುವವರ ಮನೆ ನಮ್ಮ ಶಾಲೆಯ ಹಿಂದಿನ ಬೀದಿಯಲ್ಲೇ ಇತ್ತು. ಅಲ್ಲಿಗೆ ನಮ್ಮನ್ನು ಯಾರೂ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ.

ಚಾಕುವಿನಿಂದ ಆರಂಭ

ಇದೇ ಕಾಲದಲ್ಲಿ ಯುರೋಪಿನ ಉತ್ತರ ಮೂಲೆಯಲ್ಲಿ ಇನ್ನೊಂದು ಏಣಿ ಎದ್ದಿತ್ತು. ಫಿನ್ಲೆಂಡಿನಲ್ಲಿ ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ರೈತರು ಒಲೆಯ ಸುತ್ತ ಕೂತು ಚಮಚ, ಹಿಡಿ, ಬುಟ್ಟಿಗಳನ್ನು ಮಾಡಿಕೊಳ್ಳುವ ಬಳಕೆಯಿತ್ತು. ಯಂತ್ರದ ಸರಕು ಬಂದಂತೆ ಅದು ಕಳೆಗುಂದತೊಡಗಿತು. ಪೆಸ್ತಾಲೋಜಿ ಮತ್ತು ಫ್ರೆಬೆಲರನ್ನು ಓದಿಕೊಂಡಿದ್ದ ಊನೊ ಸಿಗ್ನೇಯಸ್ ಎಂಬ ಪಾದ್ರಿ ಈ ಮನೆಗೆಲಸವನ್ನೇ ಶಾಲೆಗೆ ತಂದ. 1866ರ ಶಾಸನದಿಂದ ಕೈಕೆಲಸ ಫಿನ್ಲೆಂಡಿನ ಜನಶಾಲೆಗಳ ಪಾಠವಾಯಿತು. ಇಂದಿಗೂ ಅಲ್ಲಿನ ಮಕ್ಕಳಿಗೆ ಅದು ಕಡ್ಡಾಯ.

ನೆರೆಯ ಸ್ವೀಡನ್ನಿನಲ್ಲಿ ಓಟೊ ಸಾಲೊಮನ್ ಎಂಬಾತ ಇದಕ್ಕೆ ಕ್ರಮವಾದ ರೂಪ ಕೊಟ್ಟ. ಗೊಥೆನ್‌ಬರ್ಗಿನ ಬಳಿಯ ನೇಸ್ ಎಂಬಲ್ಲಿ ಅವನ ಸೋದರಮಾವನ ಜಮೀನಿನಲ್ಲಿ 1870ರ ದಶಕದಲ್ಲಿ ಆರಂಭವಾದ ಶಿಕ್ಷಕರ ಶಾಲೆಗೆ ದೇಶದೇಶಗಳಿಂದ ಉಪಾಧ್ಯಾಯರು ಬಂದು ಕಲಿತರು. 'ಸ್ಲಾಯ್ಡ್' ಎಂದು ಆ ಪದ್ಧತಿಗೆ ಹೆಸರು. ಅದರ ಏಣಿ ಹೇಗಿತ್ತೆಂಬುದನ್ನು ಸ್ವಲ್ಪ ನಿಂತು ನೋಡಬೇಕು.

ಮಗುವಿನ ಕೈಗೆ ಮೊದಲು ಕೊಡುತ್ತಿದ್ದ ಉಪಕರಣ ಚಾಕು. ಅದು ಮನೆಯಲ್ಲಿ ಕಂಡು ಗೊತ್ತಿರುವ ವಸ್ತು. ಮೊದಲ ಕೆಲಸ, ಅಕ್ಷರದ ಮೇಲೆ ಬೆರಳಿನ ಬದಲು ಇಡುವ ಒಂದು ಚೂಪಾದ ಕಡ್ಡಿ. ಆಮೇಲೆ ಹೂಗಿಡಕ್ಕೆ ಆಸರೆಯ ಕೋಲು, ಲೇಖನಿಯ ಹಿಡಿ. ಪ್ರತಿಯೊಂದು ವಸ್ತುವಿನಲ್ಲಿಯೂ ಹಿಂದಿನದರಲ್ಲಿ ಇಲ್ಲದಿದ್ದ ಒಂದೋ ಎರಡೋ ಹೊಸ ಕೈಚಳಕ ಮಾತ್ರ. ಪ್ರತಿಯೊಂದೂ ಪೂರ್ತಿ ವಸ್ತು, ಮನೆಗೆ ಬೇಕಾದ ವಸ್ತು. ಬರಿಯ ಅಭ್ಯಾಸಕ್ಕೆಂದು ಕತ್ತರಿಸಿ ಎಸೆಯುವ ತುಂಡಲ್ಲ. ಮಾಡಿದ ಮಗುವಿಗೇ ಅದು ಸೇರಬೇಕು. ಎಲ್ಲಕ್ಕಿಂತ ಮಿಗಿಲಾದ ನಿಯಮ ಇನ್ನೊಂದು: ಉಪಾಧ್ಯಾಯ ಮಗುವಿನ ಕೆಲಸಕ್ಕೆ ಕೈ ಹಚ್ಚಕೂಡದು. ತೋರಿಸಬಹುದು, ಹೇಳಬಹುದು, ತಿದ್ದುವ ಕೈ ಮಗುವಿನದೇ. ಶಾಲೆಯ ವಸ್ತುಪ್ರದರ್ಶನದ ಹಿಂದಿನ ರಾತ್ರಿ ತಂದೆತಾಯಿಗಳು ಕೂತು ರಟ್ಟಿನ ಮನೆ ಕಟ್ಟುವ ನಮ್ಮ ಕಾಲಕ್ಕೆ ಈ ನಿಯಮ ಚುಚ್ಚುವಂತಿದೆ. ಚುಚ್ಚಿಸಿಕೊಂಡವರಲ್ಲಿ ನಾನೂ ಒಬ್ಬ.

ಕುಲುಮೆಯ ಪಕ್ಕದ ಪಾಠ

ಇಷ್ಟು ಹೇಳಿದಾಗ, ಹಂತ ಹಂತವಾಗಿ ಕಲಿಸುವುದನ್ನು ಯುರೋಪಿನವರೇ ಕಂಡುಹಿಡಿದರೆಂದು ಯಾರಾದರೂ ತಿಳಿದಾರು. ಹಾಗಲ್ಲ. ನೇಕಾರರ ಮನೆಯ ಮಗು ಮೊದಲು ಕಂಡಿಕೆ ಸುತ್ತುತ್ತದೆ. ಕಾಲು ಮಗ್ಗದ ಗುಣಿಗೆ ಇಳಿಯುವುದು ಎಷ್ಟೋ ತಡವಾಗಿ. ಕುಂಬಾರರ ಮಗು ಮಣ್ಣು ಸೋಸಿ, ಕಲ್ಲು ಆರಿಸಿ, ತುಳಿದು ಹದ ಮಾಡಿದ ಮೇಲೆ ತಿಗುರಿಯ ಹತ್ತಿರ ಬರುತ್ತದೆ. ಚನ್ನಪಟ್ಟಣದ ಬೊಂಬೆಯ ಕೆಲಸವನ್ನು ನೋಡಿದವರಿಗೆ ಗೊತ್ತು: ಹಾಲೆ ಮರದ ತುಂಡು ಒಣಗಬೇಕು, ಅದನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ಉಳಿ ಹಿಡಿದು ಆಕಾರ ಕೊಡಬೇಕು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಕೊನೆಗೆ ತಾಳೆಗರಿ ಹಿಡಿದರೆ ಹೊಳಪು. ಉಳಿ ಎಷ್ಟು ಓರೆಯಾಗಿರಬೇಕು, ಅರಗನ್ನು ಎಷ್ಟು ಒತ್ತಬೇಕು ಎಂಬುದನ್ನು ಪುಸ್ತಕದ ಆರು ಚೌಕದಲ್ಲಿ ಬರೆಯಲಾಗದು. ಕೈಯ ಪಕ್ಕದಲ್ಲಿ ಕೈ ಇದ್ದು ಕಲಿಯಬೇಕು.

ಆದರೆ ಈ ಮನೆಪಾಠವನ್ನು ಬರಿದೆ ಹೊಗಳುವುದೂ ಸತ್ಯವಲ್ಲ. ಕುಲುಮೆಯ ಬಾಗಿಲು ಕುಲಕ್ಕೆ ಮಾತ್ರ ತೆರೆದಿತ್ತು. ಕಮ್ಮಾರನ ಮಗನಿಗೆ ಓದು ಬೇಕೆಂದರೆ ಇಲ್ಲ, ಓದುವ ಮನೆಯ ಮಗುವಿಗೆ ಉಳಿ ಬೇಕೆಂದರೆ ಸಲ್ಲ. ಎಷ್ಟೋ ಕಡೆ ಕಲಿಕೆಯ ಹೆಸರಿನಲ್ಲಿ ಎಳೆಯ ಮಕ್ಕಳ ಬಾಲ್ಯವೇ ದುಡಿಮೆಯಲ್ಲಿ ಸವೆದುಹೋಯಿತು. ಹನ್ನೊಂದನೆಯ, ಹನ್ನೆರಡನೆಯ ಶತಮಾನಗಳಲ್ಲಿ ನೇಯುವ ದಾಸಿಮಯ್ಯ, ಬಿದಿರು ಹೆಣೆಯುವ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ವಚನಕಾರರಾಗಿ ನಿಂತ ನಾಡು ಇದು. ನಾವು ವರ್ಷ ವರ್ಷವೂ ತರಗತಿಯಲ್ಲಿ ಅವರ ಪಾಠ ಹೇಳುತ್ತೇವೆ. ಆದರೆ ಅವರ ಹೆಸರಿನ ಹಿಂದಿರುವ ಕಸುಬನ್ನು ತರಗತಿಯೊಳಕ್ಕೆ ಬಿಟ್ಟುಕೊಳ್ಳಲು ನಮಗೇಕೋ ಸಂಕೋಚ.

ವಾರ್ಧಾದ ತಕಲಿ

ಆ ಸಂಕೋಚವನ್ನು ಮುರಿಯಲು ಹೊರಟವರು ಗಾಂಧೀಜಿ. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಅವರ ಯೋಜನೆಯ ಚರ್ಚೆಯಾಯಿತು. ಡಾಕ್ಟರ್ ಜಾಕೀರ್ ಹುಸೇನರ ಅಧ್ಯಕ್ಷತೆಯ ಸಮಿತಿ ಅದಕ್ಕೆ ಪಾಠಕ್ರಮವನ್ನು ರೂಪಿಸಿತು. ಕಸುಬನ್ನು ಇತರ ಪಾಠಗಳ ಪಕ್ಕದಲ್ಲಿ ಇನ್ನೊಂದು ಪಾಠವಾಗಿ ಇಡುವುದಲ್ಲ, ಕಸುಬಿನ ಮೂಲಕವೇ ಉಳಿದ ಪಾಠಗಳನ್ನು ಹೇಳುವುದು. ಜಾತಿಯ ಕೈಯಲ್ಲಿದ್ದ ಕೆಲಸವನ್ನು ಎಲ್ಲ ಮಕ್ಕಳ ಕೈಗೂ ಕೊಡುವುದು. ಹತ್ತಿ ಬಿಡಿಸುವುದು, ಹಿಂಜುವುದು, ಹಂಜಿ ಮಾಡುವುದು, ತಕಲಿಯಲ್ಲಿ ನೂಲುವುದು, ಆಮೇಲೆ ಚರಕ, ಆಮೇಲೆ ಮಗ್ಗ. ಒಂದೊಂದು ಮೆಟ್ಟಿಲಿನಲ್ಲೂ ಲೆಕ್ಕ, ಭೂಗೋಲ, ಇತಿಹಾಸಗಳಿಗೆ ಎಡೆಯಿತ್ತು. ಶಾಲೆಯಲ್ಲಿ ತಯಾರಾದ ವಸ್ತುವಿನ ಹಣದಿಂದ ಶಾಲೆಯ ಖರ್ಚು ಸಾಗಬೇಕೆಂಬ ಆಶಯವೂ ಅದರಲ್ಲಿತ್ತು. ಹಣದ ಕಡೆಗೆ ಗಮನ ಹೆಚ್ಚಾದರೆ ಶಿಕ್ಷಣದ ಗುರಿ ಮರೆತುಹೋದೀತೆಂದು ಸಮಿತಿಯೇ ತನ್ನ ವರದಿಯಲ್ಲಿ ಎಚ್ಚರಿಸಿತ್ತು.

ಎಚ್ಚರಿಕೆ ಸುಳ್ಳಾಗಲಿಲ್ಲ. ಕಸುಬು ತಿಳಿಯದ ಉಪಾಧ್ಯಾಯರ ಕೈಯಲ್ಲಿ ತಕಲಿ ಒಂದು ಕಂದಾಯವಾಯಿತು; ಇಷ್ಟು ಎಳೆ ಆಯಿತೇ ಇಲ್ಲವೇ ಎಂಬುದೇ ಲೆಕ್ಕವಾಯಿತು. ಇತ್ತ ಮಧ್ಯಮ ವರ್ಗದ ತಂದೆತಾಯಿಗಳಿಗೆ ತಮ್ಮ ಮಗ ನೂಲುವುದು ಬೇಕಿರಲಿಲ್ಲ, ಗುಮಾಸ್ತನಾಗುವುದು ಬೇಕಿತ್ತು.

ಆದರೂ ಸೇವಾಗ್ರಾಮದಲ್ಲಿ ಒಂದು ದೀಪ ಉರಿಯಿತು. ಶಾಂತಿನಿಕೇತನದ ಕಲಾಭವನದಲ್ಲಿ ಕಲಿತ ದೇವಿಪ್ರಸಾದರು 1940ರ ದಶಕದಲ್ಲಿ ಅಲ್ಲಿಗೆ ಬಂದು ಮಕ್ಕಳಿಗೆ ಚಿತ್ರವನ್ನೂ ಕುಂಬಾರಿಕೆಯನ್ನೂ ಹೇಳಿಕೊಟ್ಟರು. ಅದಕ್ಕೆ ಹಿಂದೆಯೇ, 1897ರಲ್ಲಿ ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ ಎಂಬಾತ ಮೆಟ್ಟಿಲೇ ಬೇಡ, ಮಗು ತನಗೆ ತೋರಿದ್ದನ್ನು ಬರೆಯಲಿ ಎಂದು ಬಾಲಕರ ಚಿತ್ರಶಾಲೆಯನ್ನು ತೆರೆದಿದ್ದ. ಈ ಎರಡು ಅತಿಗಳ ನಡುವೆ ದೇವಿಪ್ರಸಾದರು ಕಂಡುಕೊಂಡ ದಾರಿ ನನಗೆ ಹಿಡಿಸುತ್ತದೆ. ಮಗುವಿನ ಚಿತ್ರದಲ್ಲಿ ಅದರ ಮನಸ್ಸಿಗೆ ಪೂರ್ತಿ ಬಿಡುವು. ಮಣ್ಣಿನ ಕೆಲಸದಲ್ಲಿ ಮಣ್ಣಿನ ನಿಯಮಕ್ಕೆ ಪೂರ್ತಿ ತಲೆಬಾಗುವುದು. ಹದವಿಲ್ಲದ ಮಣ್ಣು ಯಾರ ಕಲ್ಪನೆಗೂ ಬಗ್ಗುವುದಿಲ್ಲವಷ್ಟೆ.

ಕದ್ದ ಗಂಟೆ

ಮುಂದಿನ ಕಥೆ ಚಿಕ್ಕದು. 1964ರಿಂದ 66ರವರೆಗಿನ ಕೊಠಾರಿ ಆಯೋಗ 'ಕೆಲಸದ ಅನುಭವ' ಎಂಬ ಮಾತನ್ನಿತ್ತಿತು. ಬಳಿಕ ಅದು ಬೇರೆ ಬೇರೆ ಹೆಸರು ಧರಿಸಿ ವೇಳಾಪಟ್ಟಿಯ ಮೂಲೆ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಹೇಳಿದೆ. ಒಳ್ಳೆಯ ಮಾತೇ. ಆದರೆ ಹತ್ತು ದಿನದಲ್ಲಿ ನೋಡಬಹುದು. ಕೈ ಕುದುರಲು ಹತ್ತು ದಿನ ಸಾಲದು.

ನಾನು ಓದಿದ ಶಾಲೆಯಲ್ಲಿ ವಾರಕ್ಕೆ ಎರಡು ಗಂಟೆ ಡ್ರಾಯಿಂಗು ಇತ್ತು. ಮಾರ್ಚಿ ಹತ್ತಿರವಾದಂತೆ ಅದನ್ನು ಒಂದು ದಿನ ಗಣಿತದವರು, ಇನ್ನೊಂದು ದಿನ ವಿಜ್ಞಾನದವರು ಎತ್ತಿಕೊಂಡು ಹೋಗುತ್ತಿದ್ದರು. ನಮ್ಮ ಡ್ರಾಯಿಂಗ್ ಮೇಷ್ಟ್ರು ಬಣ್ಣದ ಸೀಮೆಸುಣ್ಣದ ಡಬ್ಬಿ ಹಿಡಿದು ಬಾಗಿಲವರೆಗೆ ಬಂದು, ಒಳಗೆ ಇಣುಕಿ, ಸದ್ದಿಲ್ಲದೆ ಹಿಂದಿರುಗುತ್ತಿದ್ದರು. ನಾವು ಯಾರೂ ಅವರನ್ನು ಕರೆಯಲಿಲ್ಲ. ಇಂದು ನಾನೇ ಮೇಷ್ಟ್ರಾಗಿರುವಾಗ, ಪಾಠ ಮುಗಿಯಲಿಲ್ಲವೆಂದು ಇನ್ನೊಬ್ಬರ ಗಂಟೆಯನ್ನು ಕೇಳುವಾಗಲೆಲ್ಲ ಆ ಡಬ್ಬಿ ಕಣ್ಣ ಮುಂದೆ ಬರುತ್ತದೆ. ಆದರೂ ಕೇಳುತ್ತೇನೆ, ಅದೇ ನಾಚಿಕೆ.

ಇಂದು ಪಟ್ಟಣದ ಮನೆಗಳಲ್ಲಿ ಆ ಕದ್ದ ಗಂಟೆಯ ಜಾಗವನ್ನು ಆರು ಚೌಕದ ಪುಸ್ತಕಗಳೂ ಮೊಬೈಲಿನ ಪರದೆಯೂ ತುಂಬಿವೆ. ಅವು ಬೇಡವೆನ್ನುವಷ್ಟು ಮಡಿವಂತಿಕೆ ನನಗಿಲ್ಲ. ಆದರೆ ತಂದೆತಾಯಿಗಳು ಮಗುವಿನ ಮುಂದೆ ಯಾವ ಏಣಿಯನ್ನು ಇಟ್ಟರೂ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ಏಣಿಯನ್ನು ತೆಗೆದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ? ಪೆಸ್ತಾಲೋಜಿಯ ಗೆರೆ, ಸಾಲೊಮನನ ಚಾಕು, ವಾರ್ಧಾದ ತಕಲಿ ಎಲ್ಲವೂ ಈ ಪ್ರಶ್ನೆಯನ್ನು ಮರೆತ ಕಡೆ ಸೋತವು, ನೆನಪಿಟ್ಟ ಕಡೆ ಗೆದ್ದವು.

ರಜೆ ಮುಗಿಯುವ ಮುನ್ನ ನಮ್ಮ ಹುಡುಗಿ ಆನೆಯನ್ನು ಮತ್ತೆ ಬರೆದಳು. ಪುಸ್ತಕದಲ್ಲಲ್ಲ, ಅಂಗಳದಲ್ಲಿ, ಚುಕ್ಕಿ ಇಟ್ಟು. ಸೊಂಡಿಲು ಸ್ವಲ್ಪ ಕುಳ್ಳಾಯಿತು, ಹಿಂಗಾಲು ಒಂದು ಚುಕ್ಕಿ ಆಚೆ ಬಿತ್ತು. ಆದರೆ ಈ ಸಲ ಆನೆ ಬಲಕ್ಕೆ ಹೊರಟಿತ್ತು. ಅಜ್ಜಿ ತಿದ್ದಲು ಕೈ ಮುಂದೆ ಮಾಡಿದವರು, ಹಾಗೇ ಹಿಂದಕ್ಕೆ ತೆಗೆದುಕೊಂಡರು.